ಕೊನೆಯ ಬಾರಿ ಕಂಡ ದಿನ

"ಈ ಜನ ಏನು ಪಾಪ ಮಾಡಿದ್ರು ಅಂತ ಇವರನ್ನ ಕಸದ ಬುಟ್ಟಿಗೆ ಹಾಕಿದೀಯ?" ಎಂದು ಡಾಕ್ಟರ್ ಸಫಿನಾಜ್ ನನ್ನ ಹಾಳೆಗಳನ್ನು ಮೇಜಿನ ಮೇಲೆ ಕುಕ್ಕಿದರು.

ನಾನು ತಂತಾ ನಗರದ ಒಂದು ಆಸ್ಪತ್ರೆಯಲ್ಲಿ ಲಿವರ್ ವಿಭಾಗದ ಡಾಕ್ಟರು, ಹೆಸರು ಇನ್ಸಾಫ್. ಮೂವತ್ತೈದು ದಾಟಿದ ಮೇಲೆ ಇನ್ನೊಂದು ಡಿಗ್ರಿ ಬೇಕು ಅನ್ನುವ ಹುಚ್ಚು ಹಿಡಿಯಿತು. ಅದಕ್ಕೊಂದು ಪ್ರಬಂಧ ಬರೆಯಬೇಕು. ಲಿವರಿನಲ್ಲಿ ಗಡ್ಡೆ ಕಂಡ ದಿನದಿಂದ ನಮ್ಮ ರೋಗಿಗಳು ಎಷ್ಟು ಕಾಲ ಬದುಕುತ್ತಾರೆ ಅನ್ನುವುದು ವಿಷಯ. ಅಷ್ಟೇ ತಾನೆ, ಕೂಡಿಸಿ ಭಾಗಿಸಿದರೆ ಮುಗಿಯಿತು ಅಂದುಕೊಂಡಿದ್ದೆ. ಎಲ್ಲಿ ಮುಗಿಯುತ್ತದೆ! ಈ ಲೆಕ್ಕ ಕಲಿಸುವ ಸಫಿನಾಜ್ ಮೇಡಂ ಅರವತ್ತು ದಾಟಿದ, ಕುಳ್ಳಗಿನ, ಸದಾ ಸೋಂಪು ಅಗಿಯುವ ಹೆಂಗಸು. ಅವರ ನಾಲಿಗೆಗೆ ಹೆದರಿ ಗಟ್ಟಿಮುಟ್ಟಾದ ಗಂಡಸರೇ ಆ ತರಗತಿ ಬಿಟ್ಟು ಓಡಿದ್ದರು. ನನಗೂ ಕೋಪ ಮೂಗಿನ ತುದಿಯಲ್ಲೇ ಇರುತ್ತದೆ, ಹಾಗಾಗಿ ನಮ್ಮಿಬ್ಬರಿಗೂ ಹೇಗೋ ಹೊಂದಿಕೊಂಡಿತ್ತು.

"ಮೇಡಂ, ಇವರೆಲ್ಲ ಮಧ್ಯದಲ್ಲಿ ಬರೋದೇ ನಿಲ್ಲಿಸಿಬಿಟ್ರು. ಸತ್ತರೋ ಇದಾರೋ ಗೊತ್ತಿಲ್ಲ. ಅದಕ್ಕೇ ತೆಗೆದುಹಾಕಿದೆ" ಅಂದೆ.

"ನಿಲ್ಲಿಸೋಕೆ ಮುಂಚೆ?"

"ಮುಂಚೆ ಬರ್ತಿದ್ರು."

"ಬದುಕಿದ್ರು ತಾನೇ? ನಿನ್ನ ಕಣ್ಣೆದುರಿಗೇ ವರ್ಷಗಟ್ಟಲೆ ಉಸಿರಾಡಿದಾರಲ್ಲೇ ಮಾರಾಯ್ತಿ! ಆ ಉಸಿರಿಗೆ ಬೆಲೆ ಇಲ್ವಾ? ಕೊನೆಯ ಬಾರಿ ಕಂಡ ದಿನದ ತನಕ ಲೆಕ್ಕದಲ್ಲಿ ಇಟ್ಕೋ. ಆಮೇಲೆ ಸದ್ದಿಲ್ಲದೆ ಕೈಬಿಡು. ಸತ್ತರು ಅಂತಲೂ ಬರೀಬೇಡ, ಇದಾರೆ ಅಂತಲೂ ಬರೀಬೇಡ."

ಅವರು ಬೋರ್ಡಿನ ಮೇಲೆ ಒಂದು ಗೆರೆ ಎಳೆದರು. ಮೇಲಿನಿಂದ ಶುರುವಾಗಿ ಮೆಟ್ಟಿಲು ಮೆಟ್ಟಿಲಾಗಿ ಇಳಿಯುವ ಗೆರೆ. ಯಾರಾದರೂ ಸತ್ತರೆ ಒಂದು ಮೆಟ್ಟಿಲು ಕೆಳಗೆ. ಕಣ್ಮರೆಯಾದವರಿಗೆ ಇಳಿತವಿಲ್ಲ, ಸಮತಟ್ಟು ಜಾಗದಲ್ಲಿ ಒಂದು ಸಣ್ಣ ಗೀಟು ಹಾಕಿ ಮುಂದೆ ಹೋಗುವುದು. ಆ ಗೀಟುಗಳು ಮೆಟ್ಟಿಲ ಮೇಲೆ ನಿಂತು ಇಳಿಯುವುದೋ ಬೇಡವೋ ಎಂದು ಯೋಚಿಸುತ್ತಿರುವ ಮನುಷ್ಯರ ಹಾಗೆ ಕಂಡವು. ನನಗೆ ಅದನ್ನು ನೋಡಲು ಆಗಲಿಲ್ಲ. ಹೊರಗೆ ಹೋಗಿ ಮುಖಕ್ಕೆ ನೀರು ಹಾಕಿಕೊಂಡು ಬಂದೆ.

ಯಾಕೆಂದರೆ ಅಂಥವನೊಬ್ಬ ನಮ್ಮ ಮನೆಯಲ್ಲೇ ಇದ್ದ, ನನ್ನ ತಮ್ಮ ಸಮೀಹ್.

ನಮ್ಮೂರು ಬುರುಲ್ಲುಸ್ ಸರೋವರದ ದಂಡೆಯಲ್ಲಿದೆ. ಒಂದು ಮಗ್ಗುಲಿಗೆ ಸರೋವರ, ಇನ್ನೊಂದು ಮಗ್ಗುಲಿಗೆ ಕಡಲು, ಕಡಲಿನಾಚೆ ಇಟಲಿ. ಮೀಸೆ ಚಿಗುರುವ ಮೊದಲೇ ನಮ್ಮ ಹುಡುಗರು ಆಚೆ ಕಡೆ ನೋಡಲು ಕಲಿಯುತ್ತಾರೆ. ಸಮೀಹ್ ಮದುವೆಯಾಗಿ ಇನ್ನೂ ವರ್ಷ ತುಂಬಿರಲಿಲ್ಲ, ಕಳ್ಳದೋಣಿ ಹತ್ತಿದ. ಅವನನ್ನು ಮೋಟಾರ್ ಸೈಕಲ್ಲಿನಲ್ಲಿ ಕಡಲ ದಂಡೆಗೆ ಬಿಟ್ಟು ಬಂದವನು ಅವನ ಓರಗೆಯ ಗೆಳೆಯ ಶೌಕಿ. "ಸಣ್ಣ ದೋಣಿಗೆ ಹತ್ತಿದ, ದೊಡ್ಡ ದೋಣಿ ದೂರದಲ್ಲಿ ನಿಂತಿತ್ತು, ಕೈ ಬೀಸಿದ, ನಾನು ತಿರುಗಿ ಬಂದೆ" ಎಂದು ಶೌಕಿ ಊರಿಗೆಲ್ಲ ಹೇಳಿದ. ಆಮೇಲೆ ಇಟಲಿಯಿಂದ ಫೋನಿಲ್ಲ, ಯಾವ ಜೈಲಿನಿಂದಲೂ ಸುದ್ದಿಯಿಲ್ಲ, ಹೆಣವೂ ಇಲ್ಲ. ಹೀಗೇ ನಾಲ್ಕು ವರ್ಷ ಕಳೆಯಿತು.

ಅವನ ಹೆಂಡತಿ ನಜ್ಲಾ ತವರಿಗೆ ಹೋಗದೆ ನಮ್ಮ ಮನೆಯಲ್ಲೇ ಉಳಿದಳು. ರಾತ್ರಿ ಬಾಗಿಲಿಗೆ ಅಗುಳಿ ಹಾಕಲು ಬಿಡುತ್ತಿರಲಿಲ್ಲ. ಗಾಳಿಗೆ ಬಾಗಿಲು ಕಿರ್ ಅಂದರೆ ಸಾಕು, ಹಿಟ್ಟಿನ ಕೈಯಲ್ಲೇ ಓಡಿಬಂದು "ಬಂದ್ರಾ?" ಅನ್ನುವಳು. ಅವನ ಅಂಗಿಗಳನ್ನು ವಾರಕ್ಕೊಮ್ಮೆ ಒಗೆದು ಮಾಳಿಗೆಯ ಮೇಲೆ ಒಣಹಾಕುವಳು. ಯಾರೂ ತೊಡದ ಅಂಗಿ ಕೊಳೆಯಾಗುವುದಾದರೂ ಹೇಗೆ, ನೀವೇ ಹೇಳಿ! ಗುರುವಾರ ಸಂಜೆ ನಾನು ತಂತಾದಿಂದ ಬಂದು ಓಣಿಯ ತಿರುವಿನಲ್ಲಿ ತಲೆಯೆತ್ತಿದರೆ ನನ್ನ ತಮ್ಮ ಮಾಳಿಗೆಯ ಮೇಲೆ ತೋಳು ಚಾಚಿ ನಿಂತಿರುತ್ತಿದ್ದ. ಅಂಗಿ ಅಂತ ಗೊತ್ತು. ಗೊತ್ತಿದ್ದೂ ಪ್ರತಿ ಸಲವೂ ಎರಡು ಹೆಜ್ಜೆ ಬೇಗ ಹಾಕುತ್ತಿದ್ದೆ.

ಈ ನಡುವೆ ಶೌಕಿ ನನ್ನ ಮೂಲಕ ನಜ್ಲಾಳನ್ನು ಮದುವೆಗೆ ಕೇಳಿದ. ಬಹಳ ನಾಚಿಕೆಯಿಂದ, ನೆಲ ನೋಡುತ್ತಾ ಕೇಳಿದ. ಪ್ರಾಣಾಪಾಯದ ಜಾಗದಲ್ಲಿ ಕಳೆದುಹೋದವನು ನಾಲ್ಕು ವರ್ಷವಾದರೂ ಬರದಿದ್ದರೆ ಸತ್ತನೆಂದು ತೀರ್ಪು ಕೊಡಲು ನಮ್ಮ ಕೋರ್ಟಿಗೆ ಅಧಿಕಾರವಿದೆ. ಆಮೇಲೆ ಹೆಂಡತಿ ವಿಧವೆಯ ಇದ್ದತ್ ಕೂರಬೇಕು, ಮನೆಯೊಳಗೇ ಶೋಕದಲ್ಲಿ ನಾಲ್ಕು ತಿಂಗಳು ಹತ್ತು ದಿನ. ಅದು ಮುಗಿದರೆ ಮರುಮದುವೆಗೆ ಅಡ್ಡಿಯಿಲ್ಲ. ನಜ್ಲಾ ಒಂದಿಡೀ ಚಳಿಗಾಲ ಯೋಚನೆ ಮಾಡಿದಳು. ಕೊನೆಗೆ "ಅಕ್ಕ, ನನಗೂ ಮಕ್ಕಳು ಬೇಕು ಅನ್ಸುತ್ತೆ. ತಪ್ಪಾ?" ಎಂದು ನನ್ನ ತೋಳು ಹಿಡಿದುಕೊಂಡು ಅತ್ತು, ಕೋರ್ಟಿಗೆ ಅರ್ಜಿ ಹಾಕಿದಳು. ಬಕ್ರೀದ್ ಕಳೆದ ಮೇಲೆ ವಿಚಾರಣೆ.

ಅಮ್ಮ ಕುದ್ದುಹೋದಳು. ನಮ್ಮಮ್ಮನನ್ನು ಊರಲ್ಲಿ ಯಾರೂ ಹೆಸರು ಹಿಡಿದು ಕರೆಯುವುದಿಲ್ಲ, ಎಲ್ಲರಿಗೂ ಅವಳು ಸಮೀಹನಮ್ಮ. ಮೊದಲು ಹುಟ್ಟಿದವಳು ನಾನು, ಆದರೂ ಇನ್ಸಾಫಳಮ್ಮ ಅಂತ ಒಬ್ಬರೂ ಕರೆದದ್ದಿಲ್ಲ, ಹೋಗಲಿ ಬಿಡಿ.

"ಅರ್ಜಿ ಹಾಕ್ಕೊಳ್ಲಿ, ನಾನೂ ಬರ್ತೀನಿ ಕೋರ್ಟಿಗೆ" ಅಂದಳು ಅಮ್ಮ. "ಸಮೀಹ ನನಗೆ ಫೋನ್ ಮಾಡಿದ್ದ ಅಂತ ಕುರಾನ್ ಮುಟ್ಟಿ ಹೇಳ್ತೀನಿ. ಆಮೇಲೆ ಅದ್ಹೇಗೆ ಸತ್ತ ಅಂತ ಬರೀತಾನೋ ಜಡ್ಜು, ನೋಡೇಬಿಡೋಣ."

ಹೆತ್ತ ತಾಯಿಯೇ ಹಾಗೆ ಆಣೆ ಇಟ್ಟರೆ ಯಾವ ಜಡ್ಜ್ ತಾನೇ ತೀರ್ಪು ಕೊಡುತ್ತಾನೆ? ನಜ್ಲಾ ಮುದುಕಿಯಾಗುವ ತನಕ ಇಲ್ಲದ ಗಂಡನ ಹೆಂಡತಿಯಾಗಿ ಕೊಳೆಯಬೇಕಿತ್ತು.

ಅಮ್ಮನ ಕೈಯಲ್ಲಿ ಇನ್ನೊಂದು ಅಸ್ತ್ರವೂ ಇತ್ತು. ಕಾಣೆಯಾದವನನ್ನು ಅವನ ಊರಿನ ಓರಗೆಯವರೆಲ್ಲ ಸಾಯುವ ತನಕ ಬದುಕಿದ್ದಾನೆಂದೇ ತಿಳಿಯಬೇಕು ಅಂತ ಹಳೆಯ ಕಾಲದ ಪಂಡಿತರ ಮಾತೊಂದಿದೆ. ನಮ್ಮ ಮಸೀದಿಯ ಶೇಖ್ ಬದ್ರಾನ್ ಯಾವತ್ತೋ ಬಾಯ್ತಪ್ಪಿ ಅದನ್ನು ಹೇಳಿದ್ದರು. ಈಗಿನ ಕಾನೂನು ಬೇರೆ ಅಂತ ಆಮೇಲೆ ಎಷ್ಟು ಬಡಕೊಂಡರೂ ಅಮ್ಮ ಕೇಳಲಿಲ್ಲ. ಪ್ರತಿ ಶುಕ್ರವಾರ ನಮಾಜ್ ಮುಗಿಸಿ ಬರುವ ಸಮೀಹನ ಓರಗೆಯ ಹುಡುಗರನ್ನೆಲ್ಲ ಕರೆದು ಬಾತುಕೋಳಿ, ಅನ್ನ, ಮುಲೂಖಿಯ್ಯಾ ಸೊಪ್ಪಿನ ಸಾರು ಬಡಿಸುವಳು. ಯಾರಾದರೂ ಕೆಮ್ಮಿದರೆ ಬೈಯುವಳು, ಜ್ವರ ಅಂದರೆ ನಿಂಬೆಹಣ್ಣು ಹಿಡಿದು ಅವರ ಮನೆಗೇ ಹೋಗುವಳು.

"ಸಮೀಹನಮ್ಮ ನಮ್ಮನ್ನ ನೆಮ್ಮದಿಯಾಗಿ ಸಾಯೋಕೂ ಬಿಡಲ್ಲ ಕಣ್ರೋ" ಎಂದು ಹುಡುಗರು ನಗುತ್ತಿದ್ದರು. ನಗುತ್ತಿದ್ದರು ನಿಜ, ಆದರೆ ತಮ್ಮನ್ನು ತಲೆಯಿಂದ ಕಾಲಿನ ತನಕ ನೋಡುವ ಅವಳ ಆ ನೋಟಕ್ಕೆ ಅವರಿಗೂ ಒಳಗೊಳಗೇ ಅಳುಕಿತ್ತು. ಬಾತಿನ ತೊಡೆ ಯಾವಾಗಲೂ ಶೌಕಿಗೆ. ಅವನು ತಲೆಯೆತ್ತದೆ ತಿಂದು ಎದ್ದುಹೋಗುತ್ತಿದ್ದ.

ಇದನ್ನೆಲ್ಲ ಒಂದು ದಿನ ಸಫಿನಾಜ್ ಮೇಡಂಗೆ ಹೇಳಿದೆ. ಅವರು ಬಿದ್ದುಬಿದ್ದು ನಕ್ಕರು.

"ನಿಮ್ಮಮ್ಮ ನಿನಗಿಂತ ಒಳ್ಳೇ ವಿದ್ಯಾರ್ಥಿ ಕಣೇ! ಕಣ್ಮರೆಯಾದವನ ಗತಿ ಏನಾಯ್ತು ಅಂತ ತಿಳಿಯೋಕೆ ನಾವೂ ಅದನ್ನೇ ಮಾಡೋದು. ಜೊತೇಲಿ ಉಳಿದವರನ್ನ ನೋಡಿ, ಅವನೂ ಇವರ ಹಾಗೇ ಇದ್ದಾನು ಅಂದ್ಕೋತೀವಿ." ಆಮೇಲೆ ನಗು ನಿಲ್ಲಿಸಿದರು. "ಆದರೆ ಮೋಸ ಆಗೋದೂ ಅಲ್ಲೇ. ಹೋದವನು ಉಳಿದವರ ಹಾಗೇ ಅಂತ ಯಾರು ಹೇಳಿದ್ದು? ದಂಡೆ ಮೇಲೆ ಕೂತು ಬಾತುಕೋಳಿ ತಿನ್ನೋನೂ ಕಳ್ಳದೋಣಿ ಹತ್ತಿದೋನೂ ಒಂದೇನಾ? ನಿನ್ನ ರೋಗಿಗಳದ್ದೂ ಅದೇ ಕಥೆ. ಯಾಕೆ ಬರೋದು ಬಿಟ್ರು ಅಂತ ಯಾವತ್ತಾದ್ರೂ ಕೇಳಿದೀಯಾ?"

"ಇಲ್ಲ."

"ಕಣ್ಮರೆ ಅಂದ್ರೆ ಯಾರಿಗೂ ಗೊತ್ತಿಲ್ಲ ಅಂತಲ್ಲ, ನಿನಗೆ ಗೊತ್ತಿಲ್ಲ ಅಂತ. ಮನೇಲಿ ಯಾರಿಗಾದ್ರೂ ಗೊತ್ತಿರುತ್ತೆ. ಹೋಗು, ಫೋನ್ ಮಾಡು."

ಮಾಡಿದೆ. ಹೊರರೋಗಿಗಳ ಕೆಲಸ ಮುಗಿಸಿ, ಮಧ್ಯಾಹ್ನದ ಚಹಾ ಹಿಡಿದುಕೊಂಡು ದಿನಾ ಒಂದಿಷ್ಟು ಮನೆಗಳಿಗೆ ಫೋನ್ ಮಾಡಿದೆ. ಎಲ್ಲರದ್ದೂ ಒಂದೇ ರಾಗ. "ದೇವರ ದಯೆ, ಚೆನ್ನಾಗಿದಾರೆ." ನನಗೂ ಖುಷಿಯಾಯಿತು, ನಮ್ಮ ಚಿಕಿತ್ಸೆ ಪರವಾಗಿಲ್ಲವಲ್ಲ ಅಂದುಕೊಂಡೆ. ಗಾಬಿರ್ ಎಂಬ ಗಾರೆ ಕೆಲಸದವನೊಬ್ಬನಿದ್ದ, ಒಳ್ಳೆಯ ಮಾತುಗಾರ. ವಾರ್ಡಿನವರನ್ನೆಲ್ಲ ನಗಿಸುತ್ತಿದ್ದ. ಅವನ ಹೆಂಡತಿಗೆ ಬೇರೆ ಬೇರೆ ವಾರಗಳಲ್ಲಿ ಫೋನ್ ಮಾಡಿದೆ. ಒಂದು ಸಲ "ಮಲಗಿದಾರೆ" ಅಂದಳು, ಮತ್ತೊಂದು ಸಲವೂ "ಮಲಗಿದಾರೆ." ಮೂರನೆಯ ಸಲ ನನ್ನ ತಲೆ ಕೆಟ್ಟಿತು.

"ಅಲ್ಲಮ್ಮ, ಯಾವಾಗ ಫೋನ್ ಮಾಡಿದ್ರೂ ಮಲಗೇ ಇರ್ತಾರಲ್ಲ ನಿಮ್ಮ ಯಜಮಾನ್ರು! ಎಬ್ಬಿಸಿ ಒಂದು ಮಾತು ಆಡಿಸಬಾರದಾ?"

ಆ ಕಡೆ ಎಲ್ಲೋ ಕೋಳಿ ಕೂಗುವುದು ಕೇಳಿಸುತ್ತಿತ್ತು.

"ಮಲಗಿ ಎರಡು ವರ್ಷ ಆಯ್ತು ಮಗಳೇ" ಅಂದಳು ಅವಳು. "ಕೊನೇ ಸಲ ನಿಮ್ಮ ಹತ್ರ ಬಂದ ವಾರವೇ ಹೋದ್ರು. ನಿಮ್ಮ ಆಸ್ಪತ್ರೆಯೋರೇ ಇನ್ನೇನೂ ಮಾಡೋಕಾಗಲ್ಲ ಅಂದಿದ್ರಲ್ಲ, ಮನೆಗೇ ಕರ್ಕೊಂಡು ಬಂದಿದ್ವಿ."

"ಮತ್ತೆ ಚೆನ್ನಾಗಿದಾರೆ ಅಂತ ಯಾಕಮ್ಮ ಹೇಳಿದ್ರಿ?"

"ಹೇಗಿದಾರೆ ನಿಮ್ಮ ಯಜಮಾನ್ರು ಅಂತ ಕೇಳಿದ್ರಲ್ಲ ನೀವು. ಊರಲ್ಲಿ ಇನ್ನು ಯಾರೂ ಹಾಗೆ ಕೇಳಲ್ಲ. ಅವರಿದಾರೆ ಅಂದ್ಕೊಂಡಿರೋರು ಈ ಭೂಮಿ ಮೇಲೆ ನೀವೊಬ್ಬರೇ ಉಳಿದಿದ್ರಿ. ಅದನ್ನೂ ಕಳ್ಕೋಬೇಕಾ ಅನ್ನಿಸ್ತು." ಆಮೇಲೆ "ಇನ್ನು ಮಾಡಲ್ಲ ಅಲ್ವಾ ಫೋನು?" ಎಂದು ಕೇಳಿದಳು.

ಮಾಡುತ್ತೇನಮ್ಮ ಅಂದೆ. ಫೋನ್ ಇಟ್ಟ ಮೇಲೆ ಮತ್ತೆ ಎಲ್ಲರ ಮನೆಗೂ ಮಾಡಿ, ಈ ಸಲ ಮೆತ್ತಗೆ ಕೇಳಿದೆ. ಹೆಚ್ಚಿನವರೆಲ್ಲ ಕೊನೆಯ ಭೇಟಿಯಾದ ಸ್ವಲ್ಪ ದಿನಕ್ಕೇ ಮನೆಯಲ್ಲಿ ತೀರಿಕೊಂಡಿದ್ದರು. ನನ್ನ ಗೆರೆಯ ಮೇಲೆ ನಿಂತಿದ್ದ ಗೀಟುಗಳು ಒಂದೊಂದಾಗಿ ಮೆಟ್ಟಿಲಿಳಿದು ಹೋದವು.

ಗುರುವಾರ ಊರಿನ ಮೈಕ್ರೋಬಸ್ಸಿನಲ್ಲಿ ಕೂತಿದ್ದಾಗ ಆ ಹೆಂಗಸಿನ ದನಿಯೇ ಕಿವಿಯಲ್ಲಿತ್ತು. ಗಂಡ ಚೆನ್ನಾಗಿದ್ದಾನೆ ಅನ್ನುತ್ತಿದ್ದವಳು ಮುಂದಿನ ಔಷಧಿ ಯಾವುದು, ಮತ್ತೆ ಯಾವಾಗ ಕರೆತರಲಿ ಅಂತ ಒಂದು ದಿನವೂ ಕೇಳಿರಲಿಲ್ಲ. ಗೊತ್ತಿದ್ದವರು ಕೇಳುವುದಿಲ್ಲ. ಹಾಗೆ ಅಂದುಕೊಂಡ ಗಳಿಗೆಯಲ್ಲೇ ನನಗೆ ಅಮ್ಮ ನೆನಪಾದಳು. ಸಮೀಹ್ ಯಾವ ಅಂಗಿ ಹಾಕಿದ್ದ, ಕೊನೆಗೆ ಏನಂದ, ಕಡಲು ಹೇಗಿತ್ತು ಅಂತ ನಜ್ಲಾ ಶೌಕಿಯ ಪ್ರಾಣ ತಿನ್ನುತ್ತಿದ್ದಳು. ನಾನೂ ಎಷ್ಟೋ ಸಲ ಕೇಳಿದ್ದೆ. ಅಮ್ಮ ಅವನನ್ನು ಒಂದು ಸಲವೂ ಕೇಳಿದ್ದು ನಾನು ನೋಡಿರಲಿಲ್ಲ.

ಮಾರನೆಯ ದಿನ ಶುಕ್ರವಾರ. ಹುಡುಗರು ಉಂಡು ಹೋಗಿದ್ದರು. ನಜ್ಲಾ ಬಟ್ಟೆ ತೆಗೆಯಲು ಮಾಳಿಗೆಗೆ ಹೋಗಿದ್ದಳು. ಅಮ್ಮ ಅಡುಗೆಮನೆಯಲ್ಲಿ ಪಾತ್ರೆ ಉಜ್ಜುತ್ತಿದ್ದಳು.

"ಅಮ್ಮ, ಆವತ್ತು ಶೌಕಿ ನಿನಗೇನು ಹೇಳಿದ?"

"ಊರಿಗೆಲ್ಲ ಹೇಳಿದ್ದನ್ನೇ ಹೇಳಿದ." ಉಜ್ಜುವ ಕೈ ನಿಲ್ಲಲಿಲ್ಲ.

"ಮತ್ತೆ ನೀನ್ಯಾಕೆ ಅವನನ್ನ ಏನೂ ಕೇಳಲ್ಲ? ನಾಲ್ಕು ವರ್ಷದಿಂದ ತಟ್ಟೆಗೆ ತೊಡೆ ಹಾಕ್ತೀಯ, ಒಂದು ಮಾತು ಕೇಳಲ್ಲ."

"ಬಂದಳಪ್ಪ ಡಾಕ್ಟರಮ್ಮ! ನಿನ್ನ ಪೊಲೀಸ್‌ಗಿರಿ ತಂತಾದಲ್ಲಿ ಇಟ್ಕೋ."

"ಅವನು ಸತ್ತಿದ್ದು ನಿನಗೆ ಗೊತ್ತು ಅಲ್ವೇನಮ್ಮ?"

ಕೈ ನಿಂತಿತು. ಅಮ್ಮ ಮೇಲೆ ನೋಡಿದಳು. ಮಾಳಿಗೆಯಲ್ಲಿ ನಜ್ಲಾಳ ಚಪ್ಪಲಿಯ ಸದ್ದು ಆ ಕಡೆಯಿಂದ ಈ ಕಡೆಗೆ ಹೋಗುತ್ತಿತ್ತು.

"ಮೆಲ್ಲಗೆ ಮಾತಾಡೇ" ಅಂದಳು.

ಹೇಳಿಬಿಟ್ಟಳು. ದನಿ ಏರಿಳಿಯದೆ, ಬೇರೆ ಯಾರದ್ದೋ ಮನೆಯ ಸುದ್ದಿಯ ಹಾಗೆ ಹೇಳಿದಳು. "ಸಣ್ಣ ದೋಣಿ ಅಲೆಗೆ ಮಗುಚ್ತಂತೆ. ಮಿಕ್ಕೋರನ್ನ, ಎಲ್ಲ ಪರಊರಿನೋರು, ದೊಡ್ಡ ದೋಣಿಯವರು ಎಳ್ಕೊಂಡ್ರಂತೆ. ಇವನ ತಲೆಗೆ ದೋಣಿ ಅಂಚು ಬಡೀತಂತೆ. ಶೌಕಿ ಕುತ್ತಿಗೆ ತನಕ ನೀರಿಗಿಳಿದು ಹುಡುಕಿದಾನೆ. ಸಿಗಲಿಲ್ಲ. ಬೆಳಕು ಹರಿಯೋ ಹೊತ್ತಿಗೆ ಬಂದು ಇಲ್ಲೇ, ಈ ಒಲೆ ಮುಂದೆ ಕೂತ. ಮೈಯಿಂದ ನೀರು ಸುರೀತಿತ್ತು. ನಜ್ಲಾ ಇನ್ನೂ ಎದ್ದಿರಲಿಲ್ಲ. ನಾನು ಕುರಾನ್ ತಂದು ಅವನ ಕೈ ಕೆಳಗಿಟ್ಟು ಆಣೆ ಮಾಡಿಸ್ದೆ, ಯಾರಿಗೂ ಹೇಳಕೂಡದು ಅಂತ."

ನನ್ನ ತಮ್ಮ ಸತ್ತದ್ದು ನನಗೆ ಗೊತ್ತಾದದ್ದು ಹೀಗೆ. ಅಳಬೇಕಿತ್ತು. ಆದರೆ ಅಳುವಿಗಿಂತ ಮೊದಲು ಸಿಟ್ಟು ನುಗ್ಗಿ ಬಂತು.

"ಆ ಹುಡುಗಿಯ ನಾಲ್ಕು ವರ್ಷ ನುಂಗಿ ನೀರು ಕುಡಿದೆಯಲ್ಲೇ ಅಮ್ಮ! ಬಾಗಿಲು ಸದ್ದಾದಾಗೆಲ್ಲ ಅವಳು ಓಡಿಬರೋದನ್ನ ನೋಡ್ತಾ ಇಲ್ಲೇ ಕೂತಿದ್ದೆಯಲ್ಲ, ನಿನಗೆ ಕರುಳೇ ಇಲ್ವಾ? ಇದರ ಮೇಲೆ ಕೋರ್ಟಿಗೆ ಬೇರೆ ಹೋಗಿ ಸುಳ್ಳಾಣೆ ಇಡ್ತೀನಿ ಅಂತೀಯ!"

"ಬೈಯಿ. ಎಷ್ಟು ಬೇಕೋ ಅಷ್ಟು ಬೈಯಿ" ಅಂದಳು ಅಮ್ಮ. "ಆವತ್ತೇ ಹೇಳಿದ್ರೆ ಏನಾಗ್ತಿತ್ತು? ಇದ್ದತ್ ಮುಗಿಸ್ಕೊಂಡು ತವರಿಗೆ ಹೋಗ್ತಿದ್ಲು. ಊರು ಮರೀತಿತ್ತು. ನೀನು ತಂತಾದಲ್ಲಿ. ನನ್ನ ಮಗನಿಗಾಗಿ ಕಾಯೋರು ಯಾರಿರ್ತಿದ್ರು ಈ ಮನೇಲಿ?"

"ನೀನು ಕಾಯಬೇಕಿತ್ತು."

"ನನಗೆ ಗೊತ್ತಿತ್ತಲ್ಲೇ! ಸತ್ತ ಅಂತ ಗೊತ್ತಿರೋಳು ಹೇಗೆ ಕಾಯ್ತಾಳೆ? ಆಗಲ್ಲ ಕಣೇ. ಪ್ರಯತ್ನ ಮಾಡಿ ನೋಡಿದೆ, ಆಗಲಿಲ್ಲ. ಬಾಗಿಲು ಸದ್ದಾದ್ರೆ ನಾನು ಏಳ್ತಿರಲಿಲ್ಲ, ಅವಳು ಎದ್ದು ಓಡ್ತಿದ್ಲು. ಅವಳು ಓಡಿದಾಗ, ಆ ಒಂದು ಗಳಿಗೆ, ಅವನು ಬಂದೇಬಿಟ್ಟ ಅಂತ ನನಗೂ ಅನ್ನಿಸೋದು." ಅಮ್ಮ ಒದ್ದೆ ಕೈಯಲ್ಲೇ ಮುಖ ಮುಚ್ಚಿಕೊಂಡಳು. "ಆ ಒಂದು ಗಳಿಗೆಗೋಸ್ಕರ ಅವಳನ್ನ ಇಟ್ಕೊಂಡೆ."

ಆಗ ನನಗೆ ಅಳು ಬಂತು. ಅಮ್ಮನ ಪಕ್ಕದಲ್ಲಿ ನೆಲದ ಮೇಲೆ ಕೂತು, ಸದ್ದಾಗದ ಹಾಗೆ ತಲೆವಸ್ತ್ರದ ತುದಿ ಕಚ್ಚಿಕೊಂಡು ಅತ್ತೆ. ಅವಳ ಮೇಲಿನ ಸಿಟ್ಟು ಆರಲಿಲ್ಲ. ಸಿಟ್ಟೂ ಇತ್ತು, ಅವಳನ್ನು ತಬ್ಬಿಕೊಳ್ಳಬೇಕು ಅಂತಲೂ ಇತ್ತು. ಬಿಸಿತುಪ್ಪದ ಹಾಗೆ, ನುಂಗಲೂ ಆಗದು, ಉಗುಳಲೂ ಆಗದು.

"ನೀನು ಹೇಳ್ತೀಯೋ, ನಾನು ಹೇಳಲೋ?" ಎಂದು ಕೊನೆಗೆ ಕೇಳಿದೆ.

"ನೀನು ಹೇಳಬೇಡ" ಅಂದಳು ಅಮ್ಮ, ಮಂಡಿ ಹಿಡಿದುಕೊಂಡು ಎದ್ದಳು. "ಹೆತ್ತೋಳು ನಾನು, ನಾನೇ ಹೇಳ್ತೀನಿ."

ನಜ್ಲಾ ತೋಳಿನ ಮೇಲೆ ಅಂಗಿಗಳನ್ನು ಹೊತ್ತು ಮೆಟ್ಟಿಲಿಳಿದು ಬಂದಳು. ಅಮ್ಮ ಅವಳೆದುರು ನಿಂತಳು. ಅವಳ ಕೈಯಿಂದ ಅಂಗಿಗಳನ್ನು ತೆಗೆದು ನನಗೆ ಕೊಟ್ಟಳು. ಆಮೇಲೆ ಅವಳ ಎರಡೂ ಕೈ ಹಿಡಿದುಕೊಂಡು ಹೇಳಿದಳು.

"ಅವನ ಉಳಿದ ಆಯಸ್ಸು ನಿನ್ನ ಬಾಳಿಗಿರಲಿ ಮಗಳೇ."

ನಮ್ಮಲ್ಲಿ ಸಾವಿನ ಮನೆಗೆ ಬಂದವರೆಲ್ಲ ಆಡುವ ಮಾತು ಇದು, ಸತ್ತವನಿಗೆ ಎಲ್ಲರಿಗಿಂತ ಹತ್ತಿರದವರಿಗೆ ಮೊದಲು ಹೇಳುವ ಮಾತು. ಸಮೀಹ್ ಹೋದಾಗಿನಿಂದ ಯಾರಾದರೂ ಈ ಮಾತೆತ್ತಿದರೆ ಅಮ್ಮ ಅವರನ್ನು ಹೊಸಿಲಿನಿಂದಲೇ ಅಟ್ಟುತ್ತಿದ್ದಳು. ಈಗ ತಾನೇ ಆಡಿದಳು. ನಜ್ಲಾ ಅಮ್ಮನ ಮುಖ ನೋಡಿದಳು, ನನ್ನ ಮುಖ ನೋಡಿದಳು.

"ಯಾವತ್ತು?" ಅಂದಳು.

"ಅವನು ಮನೆ ಬಿಟ್ಟು ಹೋದ ರಾತ್ರೀನೇ."

"ನಿಮಗೆ ಯಾರು ಹೇಳಿದ್ರು?"

"ಶೌಕಿ. ನಾನು ಅವನ ಬಾಯಿ ಕಟ್ಟಿಹಾಕಿದ್ದೆ. ಅವನದೇನೂ ತಪ್ಪಿಲ್ಲ. ಎಲ್ಲಾ ನಂದೇ."

ನಜ್ಲಾ ಕಿರುಚಿದ ಆ ಸದ್ದನ್ನು ನಾನು ಸಾಯುವ ತನಕ ಮರೆಯಲಾರೆ. ಅಕ್ಕಪಕ್ಕದ ಮನೆಯ ಹೆಂಗಸರು ಅಡುಗೆ ಬಿಟ್ಟು ಓಡಿಬಂದರು. ಆಗತಾನೆ ಹೆಣ ಇಳಿಸಿದ ಮನೆಯ ಹಾಗಾಯಿತು ನಮ್ಮ ಮನೆ. ಅಮ್ಮ ಅವಳನ್ನು ಹಿಡಿದುಕೊಳ್ಳಲು ಹೋದಳು. ನಜ್ಲಾ ಅಮ್ಮನ ಎದೆಗೆ ಗುದ್ದಿದಳು, ಮತ್ತೆ ಅದೇ ಎದೆಗೆ ಮುಖವಿಟ್ಟು ಅತ್ತಳು. ಯಾರೋ ಸಾವಿನ ಮನೆಯಲ್ಲಿ ಕೊಡುವ ಸಕ್ಕರೆ ಹಾಕದ ಕಾಫಿ ಕಾಸಲು ಇಟ್ಟರು.

ಸಂಜೆಗೆ ಮುಂಚೆಯೇ ಶೇಖ್ ಬದ್ರಾನ್ ಬಂದರು. ಹಿಂದೆ ಶೌಕಿ, ಅಂಗಳದಿಂದ ಒಳಗೆ ಕಾಲಿಡಲಾರದೆ ಗೋಡೆಗೆ ಆತು ನಿಂತಿದ್ದ. ಸುಳ್ಳಿಗೆ ಕಟ್ಟಿಹಾಕಿದ ಆಣೆಯನ್ನು ಮುರಿದರೆ ಪ್ರಾಯಶ್ಚಿತ್ತವಿದೆ, ಕೋರ್ಟಿನಲ್ಲಿ ಕಂಡದ್ದನ್ನು ಹೇಳು ಎಂದು ಶೇಖರು ಅವನಿಗೆ ಹೇಳಿದರು. ಆಮೇಲೆ ನಜ್ಲಾಳ ಕಡೆ ತಿರುಗಿದರು. ಒಳ್ಳೆಯ ಮನುಷ್ಯ, ಅವಳಿಗೆ ಸಮಾಧಾನವಾಗಲಿ ಅಂತಲೇ ಹೇಳಿದರು.

"ಇದ್ದತ್ತಿನ ಲೆಕ್ಕ ಸಾವಿನ ದಿನದಿಂದ ಮಗಳೇ, ಸುದ್ದಿ ತಿಳಿದ ದಿನದಿಂದ ಅಲ್ಲ. ನಿನ್ನದು ಯಾವತ್ತೋ ಮುಗಿದುಹೋಗಿದೆ. ನೀನಿನ್ನು ಕೂರಬೇಕಾಗಿಲ್ಲ. ಕೋರ್ಟಿನ ಕಾಗದ ಬಂದ ದಿನವೇ ನಿಕಾಹ್ ಆಗಬಹುದು."

"ಶೇಖ್ ಸಾಹೇಬ್ರೇ," ಅಂದಳು ನಜ್ಲಾ. ಕೂಗಿ ಕೂಗಿ ಅವಳ ಗಂಟಲು ಒಡೆದಿತ್ತು. "ನಿನ್ನೆ ತಾನೇ ಅವರ ಅಂಗಿ ಒಗೆದಿದೀನಿ. ಇವತ್ತು ಬೆಳಿಗ್ಗೆ ತನಕ ನಾನು ಗಂಡ ಇದ್ದೋಳು. ಅವರು ನಿಮಗೆಲ್ಲ ಯಾವಾಗಲಾದ್ರೂ ಸತ್ತಿರಲಿ, ನನಗೆ ಇವತ್ತು ಸತ್ತರು. ನಾನು ಇವತ್ತಿಂದ ಕೂರ್ತೀನಿ."

ಅವಳು ಕಪ್ಪು ಉಟ್ಟು ಒಳಕೋಣೆಗೆ ಹೋದಳು. ನಾಲ್ಕು ತಿಂಗಳು ಹತ್ತು ದಿನ ಅಮ್ಮ ಅವಳ ಕೋಣೆಗೆ ತಟ್ಟೆ ಒಯ್ದಳು. ಮೊದಮೊದಲು ತಟ್ಟೆ ಹಾಗೇ ವಾಪಸ್ ಬರುತ್ತಿತ್ತು, ಆಮೇಲಾಮೇಲೆ ಖಾಲಿಯಾಗಿ ಬಂತು. ಇಬ್ಬರೂ ಏನು ಮಾತಾಡುತ್ತಿದ್ದರೋ ನನಗೆ ಗೊತ್ತಿಲ್ಲ. ಒಂದು ಸಲ ಇಬ್ಬರೂ ಸಮೀಹ್ ಚಿಕ್ಕವನಿದ್ದಾಗ ಹಂದರದಿಂದ ಬಿದ್ದದ್ದನ್ನು ಹೇಳಿಕೊಂಡು ನಗುವುದು ಕೇಳಿಸಿತು. ಅವನು ಸತ್ತ ಮೇಲೆ ಆ ಮನೆಯಲ್ಲಿ ಅವನ ವಿಷಯಕ್ಕೆ ನಕ್ಕಿದ್ದು ಅದೇ ಮೊದಲು.

ಸಫಿನಾಜ್ ಮೇಡಂಗೆ ಇದನ್ನು ಹೇಳಿದಾಗ ಅವರು ಸೋಂಪು ಅಗಿಯುವುದನ್ನು ನಿಲ್ಲಿಸಿ ಕೂತರು.

"ಯಾರದ್ದು ಸರಿ ಮೇಡಂ, ಶೇಖರದ್ದೋ ಅವಳದ್ದೋ?" ಎಂದು ಕೇಳಿದೆ.

"ಗಡಿಯಾರ ಎಲ್ಲಿಂದ ಶುರು ಮಾಡಬೇಕು ಅನ್ನೋದೇ ಈ ಲೆಕ್ಕದಲ್ಲಿ ಅರ್ಧ ಜಗಳ" ಅಂದರು. "ಇಬ್ಬರದ್ದೂ ಸರಿ. ನೀನು ಯಾವುದನ್ನ ಹಿಡಿದೆ ಅಂತ ಮಾತ್ರ ಬರೆದಿಡು." ಆಮೇಲೆ ಎದ್ದು ನನಗೆ ಬೆನ್ನು ಹಾಕಿ, ಬಹಳ ಹೊತ್ತು ಬೋರ್ಡ್ ಒರೆಸಿದರು.

ಇದ್ದತ್ ಮುಗಿದ ಮೇಲೆ ನಜ್ಲಾ ಶೌಕಿಯನ್ನು ಕರೆಸಿದಳು. ನಮ್ಮೆದುರಿಗೇ ಕೂರಿಸಿಕೊಂಡು "ಮೊದಲಿಂದ ಹೇಳು" ಅಂದಳು. ಅವನು ಹೇಳಿದ. ಅಲೆ ಎಲ್ಲಿಂದ ಬಂತು, ಸಮೀಹ್ ಏನು ಕೂಗಿದ, ತನ್ನ ಕೈಗೆ ಏನೇನು ಸಿಕ್ಕಿತು, ಏನು ಸಿಗಲಿಲ್ಲ, ಎಲ್ಲ ಹೇಳಿದ. ಅವಳು ಕಣ್ಣು ಮಿಟುಕಿಸದೆ ಕೇಳಿದಳು. ಕೊನೆಗೆ "ಕಡಲು ಕಾಣದ ಊರಲ್ಲಿ ಮನೆ ಮಾಡ್ತೀಯಾ?" ಎಂದು ಮಾತ್ರ ಕೇಳಿದಳು. ಅವನು ಹೂಂ ಅಂದ. ಅವನ ಸಾಕ್ಷಿಯ ಮೇಲೆ ಕೋರ್ಟಿನ ಕಾಗದ ಅಷ್ಟರಲ್ಲಿ ಬಂದಿತ್ತು, ನಿಕಾಹ್ ಆಯಿತು. ಈಗ ಇಬ್ಬರೂ ಮಹಲ್ಲಾ ನಗರದಲ್ಲಿದ್ದಾರೆ, ಅವನಿಗೆ ಅಲ್ಲೊಂದು ಬಟ್ಟೆ ಗಿರಣಿಯಲ್ಲಿ ಕೆಲಸ. ಹೊರಡುವ ದಿನ ನಜ್ಲಾ ಅಮ್ಮನ ಕೈಗೆ ಮುತ್ತಿಟ್ಟಳು. ಅಮ್ಮ ಅವಳ ತಲೆ ನೇವರಿಸಿ, ದಾರಿಗೆ ರೊಟ್ಟಿ ಕಟ್ಟಿಕೊಟ್ಟಳು.

ಅದಾದ ಮೇಲೆ ಒಂದು ಗುರುವಾರ ನಾನು ಊರಿಗೆ ಹೋದೆ. ಇನ್ನೂ ಬಿಸಿಲಿತ್ತು. ಅಮ್ಮ ಮನೆಯ ಹೊರಗೆ ಜಗಲಿಯ ಮೇಲೆ, ಕಡಲ ರಸ್ತೆಯ ಕಡೆಗೆ ಮುಖ ಮಾಡಿ ಕೂತಿದ್ದಳು. ತಲೆ ಬಾಚಿಕೊಂಡು, ಒಳ್ಳೆಯ ಬಟ್ಟೆ ಹಾಕಿಕೊಂಡಿದ್ದಳು.

"ಏನಮ್ಮ, ಯಾರಾದ್ರೂ ನೆಂಟರು ಬರೋರಿದಾರಾ?"

"ಇಲ್ಲ."

"ಮತ್ತೆ ಯಾಕೆ ಇಲ್ಲಿ ಕೂತಿದೀಯ?"

ಅಮ್ಮ ರಸ್ತೆಯಿಂದ ಕಣ್ಣು ತೆಗೆಯಲಿಲ್ಲ. "ಸಮೀಹ ಬಂದ್ರೆ ಮನೇಲಿ ಯಾರೂ ಇಲ್ಲ ಅಂದ್ಕೊಂಡು ವಾಪಸ್ ಹೋಗಬಾರದಲ್ಲ."

ಬುದ್ಧಿ ಕೆಟ್ಟಿತೇನೋ ಎಂದು ಹೆದರಿ ಅವಳ ಮುಂದೆ ಕುಕ್ಕರುಗಾಲಲ್ಲಿ ಕೂತೆ. "ಅಮ್ಮ, ಇಲ್ಲಿ ನೋಡು. ನಿನಗೆ ಗೊತ್ತಲ್ಲಮ್ಮ. ನೀನೇ ಹೇಳಿದೆಯಲ್ಲ."

"ಗೊತ್ತು ಕಣೇ" ಅಂದಳು. ಅವಳ ಕಣ್ಣು ತಿಳಿಯಾಗಿತ್ತು, ಬುದ್ಧಿ ನೆಟ್ಟಗೇ ಇತ್ತು. "ಗೊತ್ತಿದ್ದೂ ಕಾಯೋದು ಭಾರಿ ಕಷ್ಟ. ಕೂತು ಕೂತು ಈಗೀಗ ಸ್ವಲ್ಪ ಬರ್ತಾ ಇದೆ. ನೀನು ಒಳಗೆ ಹೋಗು, ಸಾರು ಒಲೆ ಮೇಲಿದೆ, ಬಡಿಸ್ಕೊಂಡು ಊಟ ಮಾಡು."